ಹಚ್ಚುವ ಎಣ್ಣೆಗೂ ಒಂದು ಗಡುವಿರಲಿ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಮಸಾಲೆಗೆ ಬರವಿಲ್ಲ. ಸಾವಜಿ ಅಡುಗೆಗೆ ಹೆಸರಾದ ಎಸ್‌ಎಸ್‌ಕೆ ಸಮಾಜದ ಮನೆಗಳು ಒತ್ತಾಗಿರುವ ಈ ಪೇಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ, ಗಸಗಸೆ, ಲವಂಗ, ದಾಲ್ಚಿನ್ನಿ, ಹಸಿಶುಂಠಿ, ಬಳ್ಳೊಳ್ಳಿ ಸದಾ ಒಲೆಯ ಪಕ್ಕದಲ್ಲೇ ಇರುತ್ತವೆ. ಹಾಗಾಗಿ ಮನೆಯಲ್ಲಿ ಯಾರಿಗಾದರೂ ಕೀಲುಬ್ಯಾನಿ ಶುರುವಾದರೆ ಕೈ ಮೊದಲು ಹೋಗುವುದು ಆ ಮಸಾಲೆ ಡಬ್ಬಿಗೆ. ಕುಸುಬಿ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಸಣ್ಣ ಉರಿಯ ಮೇಲಿಟ್ಟು, ಜಜ್ಜಿದ ಬಳ್ಳೊಳ್ಳಿ, ಒಂದು ಹಿಡಿ ಅಜವಾನ, ನಾಲ್ಕು ಲವಂಗ ಹಾಕಿ, ಬಳ್ಳೊಳ್ಳಿ ಕಂದಾಗುವವರೆಗೆ ಕಾಯಿಸಿ ಸೋಸಿಟ್ಟರೆ ಎಣ್ಣೆ ಸಿದ್ಧ. ಈ ರೂಢಿ ಕಮರಿಪೇಟೆಗೆ ಸೀಮಿತವಲ್ಲ. ಉತ್ತರ ಕರ್ನಾಟಕದ ತುಂಬ ಹರಡಿದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ, ಸಂಧಿವಾತಕ್ಕೆ ಇದೇ ಮದ್ದು ಎಂದು ನಂಬಿ ಕೂರುವುದೂ ಸರಿಯಲ್ಲ. ಮಸಾಲೆಯ ಎಣ್ಣೆ, ಲೇಪಗಳು ನೋವಿಗೆ ಮದ್ದಾಗಬಲ್ಲವು, ಆದರೆ ಕೀಲಿನೊಳಗೆ ಉರಿಯುವ ರೋಗಕ್ಕೆ ಅವು ಮದ್ದಲ್ಲ. ಈ ವ್ಯತ್ಯಾಸ ತಿಳಿಯದಿದ್ದರೆ ನಷ್ಟವಾಗುವುದು ಎಣ್ಣೆಯಿಂದಲ್ಲ, ಎಣ್ಣೆಯನ್ನು ನಂಬಿ ಕಳೆದ ತಿಂಗಳುಗಳಿಂದ.

ಒಂದೇ ಹೆಸರು, ಎರಡು ರೋಗ

ಕೀಲುಬ್ಯಾನಿ, ವಾಯು, ಸಂದುನೋವು ಎಂದು ನಾವು ಕರೆಯುವುದರಲ್ಲಿ ಮುಖ್ಯವಾಗಿ ಎರಡು ಬೇರೆ ಬೇರೆ ಕಾಯಿಲೆಗಳು ಸೇರಿಕೊಂಡಿವೆ. ಒಂದು, ವಯಸ್ಸಾದಂತೆ ಮೂಳೆಗಳ ತುದಿಯ ಮೃದ್ವಸ್ಥಿ ಸವೆಯುವುದು. ವೈದ್ಯರು ಇದನ್ನು ಆಸ್ಟಿಯೋಆರ್ಥ್ರೈಟಿಸ್ ಎನ್ನುತ್ತಾರೆ. ಮೊಣಕಾಲಿಗೆ ಬರುವುದು ಹೆಚ್ಚು. ಓಡಾಡಿದಂತೆ, ಮೆಟ್ಟಿಲು ಹತ್ತಿದಂತೆ ನೋವು ಏರುತ್ತದೆ, ಕುಳಿತರೆ ಇಳಿಯುತ್ತದೆ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಇನ್ನೊಂದು ರುಮಟಾಯ್ಡ್ ಸಂಧಿವಾತ. ಇಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಪೊರೆ ಊದಿ ದಪ್ಪಗಾಗಿ, ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತ ಹೋಗುತ್ತದೆ. ಎರಡೂ ಕೈಗಳ ಬೆರಳ ಬುಡ, ನಡುಗೆಣ್ಣು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಮೊದಲು ಸಿಗುತ್ತವೆ. ಒತ್ತಿದರೆ ಊತ ಮೆತ್ತಗೆ, ಮುಟ್ಟಿದರೆ ಬಿಸಿ. ಬೆಳಗಿನ ಬಿಗಿತ ಒಂದು ಗಂಟೆ ಕಳೆದರೂ ಬಿಡುವುದಿಲ್ಲ. ಸುಮ್ಮನಿದ್ದರೆ ಹೆಚ್ಚಿ, ಕೈಯಾಡಿಸಿದಂತೆ ಕಡಿಮೆಯಾಗುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಭಾರತದಲ್ಲಿ ನಡೆದ ಸಮೀಕ್ಷೆಗಳ ಪ್ರಕಾರ ವಯಸ್ಕರಲ್ಲಿ ಸಾವಿರಕ್ಕೆ ಸುಮಾರು 5ರಿಂದ 7 ಮಂದಿಗೆ ಈ ರೋಗವಿದೆ.

ಇವೆರಡರ ಗುರುತು ಹಿಡಿಯಲು ನಮ್ಮ ಅಡುಗೆಮನೆಯೇ ಸಾಕು. ಜೋಳದ ರೊಟ್ಟಿ ಬಡಿಯುವ ಹೆಣ್ಣುಮಗಳಿಗೆ ಬೆಳಗಿನ ಮೊದಲ ರೊಟ್ಟಿಯ ಹೊತ್ತಿಗೆ ಅಂಗೈ ಪೂರ್ತಿ ಬಿಚ್ಚದೆ, ಬೆರಳುಗಳು ದೊಣ್ಣೆಯಂತೆ ಬಿಗಿದು, ಹಿಟ್ಟಿನ ಅಂಚು ಸರಿಯಾಗಿ ಹರಡದೆ, ಮಧ್ಯಾಹ್ನದ ಹೊತ್ತಿಗೆ ಅದೇ ಕೈ ಸಲೀಸಾಗುತ್ತಿದ್ದರೆ ಎಚ್ಚರಾಗಬೇಕು. ಒದ್ದೆ ಬಟ್ಟೆ ಹಿಂಡುವಾಗ ಎರಡೂ ಕೈಗಳ ಗೆಣ್ಣು ನೋಯುವುದು, ಯಾರಾದರೂ ಕೈಕುಲುಕಿದಾಗ ಬೆರಳ ಬುಡದಲ್ಲಿ ಜೀವ ಹೋದಂತಾಗುವುದು ಕೂಡ ಅಂಥವೇ ಸೂಚನೆಗಳು. ಬೆರಳ ಬುಡಗಳನ್ನು ಅಡ್ಡಲಾಗಿ ಹಿಡಿದು ಮೆಲ್ಲಗೆ ಒತ್ತಿ ನೋಡುವುದು ವೈದ್ಯರೂ ಮಾಡುವ ಸರಳ ಪರೀಕ್ಷೆ. ಇವಲ್ಲದೆ ಯೂರಿಕ್ ಆಮ್ಲ ಹೆಚ್ಚಿ ಬರುವ ಗೌಟ್ ಇದೆ, ಸೋರಿಯಾಸಿಸ್ ಚರ್ಮರೋಗದ ಜೊತೆ ಬರುವ ಕೀಲೂತವಿದೆ. ಚಿಕೂನ್‌ಗುನ್ಯಾ ಹೋದಮೇಲೂ ತಿಂಗಳುಗಟ್ಟಲೆ ಉಳಿಯುವ ನೋವನ್ನು ಕರ್ನಾಟಕ ಮರೆಯುವಂತಿಲ್ಲ; 2006ರ ಹಾವಳಿಯಲ್ಲಿ ಈ ರಾಜ್ಯವೊಂದರಲ್ಲೇ 7.5 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾಗಿದ್ದವು. ಹೀಗೆ ಮೂಲ ಬೇರೆ ಬೇರೆಯಾಗಿರುವಾಗ ಎಲ್ಲಕ್ಕೂ ಒಂದೇ ಬಾಟಲಿ ಎಣ್ಣೆ ಹೇಗೆ ಉತ್ತರವಾದೀತು?

ಮೆಣಸಿನಕಾಯಿಯ ಸಾಕ್ಷ್ಯ

ಮಸಾಲೆ ಪದಾರ್ಥಗಳ ಪೈಕಿ ಮೇಲೆ ಹಚ್ಚುವ ಮದ್ದಾಗಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ಮೆಣಸಿನಕಾಯಿ. ಅದರ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನಮ್ಮ ನರತುದಿಗಳಲ್ಲಿರುವ ಒಂದು ಗ್ರಾಹಕವನ್ನು ತಟ್ಟುತ್ತದೆ. ಬಿಸಿ ತಾಗಿದಾಗ ಎಚ್ಚರಗೊಳ್ಳುವುದೂ ಅದೇ ಗ್ರಾಹಕ. ಮೆಣಸಿನಕಾಯಿ ಮುಟ್ಟಿದರೆ ಸುಟ್ಟಂತೆ ಅನಿಸುವುದು ಅದಕ್ಕೇ. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ 2021ರಲ್ಲಿ ಆರ್ಡೆಮ್ ಪಟಪೂಟಿಯನ್ ಜೊತೆ ನೊಬೆಲ್ ಹಂಚಿಕೊಂಡರು. ಮತ್ತೆ ಮತ್ತೆ ಹಚ್ಚಿದಾಗ ನರತುದಿ ದಣಿದು, ನೋವಿನ ಸುದ್ದಿಯನ್ನು ಮಿದುಳಿಗೆ ಕಳಿಸುವುದನ್ನು ಕಡಿಮೆ ಮಾಡುತ್ತದೆ. 1991ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೊಣಕಾಲ ಸವೆತವಿದ್ದ 70 ಜನ, ರುಮಟಾಯ್ಡ್ ಇದ್ದ 31 ಜನ ದಿನಕ್ಕೆ ನಾಲ್ಕು ಬಾರಿಯಂತೆ ನಾಲ್ಕು ವಾರ ಮುಲಾಮು ಹಚ್ಚಿಕೊಂಡರು. ಕೆಲವರದರಲ್ಲಿ ಶೇ 0.025ರ ಕ್ಯಾಪ್ಸೈಸಿನ್ ಇತ್ತು, ಉಳಿದವರದು ಬರೀ ಮುಲಾಮು. ಕ್ಯಾಪ್ಸೈಸಿನ್ ಹಚ್ಚಿಕೊಂಡ ರುಮಟಾಯ್ಡ್ ರೋಗಿಗಳ ನೋವು ಸರಾಸರಿ ಶೇ 57ರಷ್ಟು, ಸವೆತದವರ ನೋವು ಶೇ 33ರಷ್ಟು ಇಳಿಯಿತು. ಈ ಫಲ ಸಣ್ಣದಲ್ಲ. ಆದರೆ ಇದನ್ನು ಎಚ್ಚರದಿಂದ ಓದಬೇಕು. ಖಾರದ ಮುಲಾಮು ಚರ್ಮವನ್ನು ಉರಿಸುವುದರಿಂದ ತನಗೆ ಸಿಕ್ಕಿದ್ದು ಯಾವುದು ಎಂದು ರೋಗಿಗೆ ಸುಲಭವಾಗಿ ತಿಳಿದುಬಿಡುತ್ತದೆ. ನಾಲ್ಕೇ ವಾರದಲ್ಲಿ ಮೂಳೆ ಕೊರೆತ ನಿಂತಿತೇ ಎಂಬುದಂತೂ ಗೊತ್ತಾಗುವುದಿಲ್ಲ. ಮೇಲೆ ಹಚ್ಚುವ ಸಸ್ಯೌಷಧಗಳ ಬಗ್ಗೆ 2013ರಲ್ಲಿ ಬಂದ, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ಸವೆತದ ನೋವಿಗೆ ಮೆಣಸಿನಕಾಯಿ ಸಾರದ ಜೆಲ್ ಬರೀ ಜೆಲ್‌ಗಿಂತ ಮೇಲಲ್ಲ. ಅಮೆರಿಕದ ಕೀಲುರೋಗ ತಜ್ಞರ ಸಂಸ್ಥೆಯ 2019ರ ಮಾರ್ಗಸೂಚಿ ಮೊಣಕಾಲ ಸವೆತಕ್ಕೆ ಕ್ಯಾಪ್ಸೈಸಿನ್ ಬಳಸಬಹುದು ಎನ್ನುತ್ತದೆ. ಕೈಬೆರಳಿಗೆ ಬೇಡ ಎನ್ನುತ್ತದೆ, ಏಕೆಂದರೆ ಆ ಕೈ ಕಣ್ಣಿಗೆ ತಾಗುವ ಭಯವಿದೆ.

ಹಾಗಾದರೆ ಮನೆಯ ಮೆಣಸಿನಕಾಯಿಯನ್ನೇ ಎಣ್ಣೆಯಲ್ಲಿ ಕಾಯಿಸಿದರಾಗದೇ? ಅಡ್ಡಿ ಬರುವುದು ಪ್ರಮಾಣದಲ್ಲಿ. ಶೇ 0.025 ಎಂದರೆ 100 ಗ್ರಾಂ ಮುಲಾಮಿನಲ್ಲಿ 25 ಮಿಲಿಗ್ರಾಂ ಕ್ಯಾಪ್ಸೈಸಿನ್. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ, ಖಾರಕ್ಕಲ್ಲ. ಅದರ ಕಡು ಕೆಂಪು ಬರುವುದು ಕ್ಯಾಪ್ಸಾಂಥಿನ್ ಎಂಬ ಬೇರೆಯೇ ವಸ್ತುವಿನಿಂದ. ನೋವಿನ ನರಕ್ಕೆ ಆ ಬಣ್ಣದ ಗೊಡವೆಯಿಲ್ಲ. ಖಾರ ಹೆಚ್ಚಾಗಿರುವುದು ಕಾಯಿಯೊಳಗೆ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಡಬ್ಬಿ ತಳಿಯೋ ಕಡ್ಡಿ ತಳಿಯೋ, ಗುಂಟೂರು ಕಾಯಿಯೋ, ಎಷ್ಟು ಹೊತ್ತು ಕಾಯಿಸಿದ್ದು ಎಂಬುದರ ಮೇಲೆ ಖಾರ ಹತ್ತಾರು ಪಟ್ಟು ಏರಬಹುದು, ಇಳಿಯಬಹುದು. ಕೆಂಪಗೆ ಹೊಳೆಯುವ ಎಣ್ಣೆಯಲ್ಲಿ ಮದ್ದಿನ ಅಂಶ ಇಲ್ಲದೆಯೂ ಇರಬಹುದು, ಮಂಕಾದ ಎಣ್ಣೆ ಚರ್ಮ ಸುಡಲೂಬಹುದು. ಈ ಒಂದು ಪದಾರ್ಥದ ಮಟ್ಟಿಗಾದರೂ ಪ್ರಮಾಣ ನಮೂದಿಸಿದ ಔಷಧದಂಗಡಿಯ ಮುಲಾಮೇ ಮನೆಯ ಎಣ್ಣೆಗಿಂತ ಮೇಲು.

ಉಳಿದ ಮಸಾಲೆಗಳ ಸಾಕ್ಷ್ಯ ಇದಕ್ಕಿಂತ ತೆಳು. ದಾಲ್ಚಿನ್ನಿ, ಶುಂಠಿ, ಮಸ್ತಕಿ ಅಂಟು, ಎಳ್ಳೆಣ್ಣೆ ಸೇರಿಸಿದ ಮುಲಾಮನ್ನು ಸ್ಯಾಲಿಸಿಲೇಟ್ ಮುಲಾಮಿನ ಜೊತೆ ಹೋಲಿಸಿದ ಇರಾನಿನ ಪ್ರಯೋಗವೊಂದು 2011ರಲ್ಲಿ ಪ್ರಕಟವಾಯಿತು. ಎರಡೂ ಸರಿಸುಮಾರು ಒಂದೇ ಫಲ ಕೊಟ್ಟವು. ಆದರೆ ಅದು ನಡೆದದ್ದು ಮೊಣಕಾಲ ಸವೆತದವರ ಮೇಲೆ, ರುಮಟಾಯ್ಡ್ ರೋಗಿಗಳ ಮೇಲಲ್ಲ. ಅರಿಶಿನದ ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಉರಿಯೂತ ತಗ್ಗಿಸುತ್ತದೆ ನಿಜ. ಆದರೆ ಅದು ದೇಹಕ್ಕೆ ಹತ್ತುವುದೇ ಕಷ್ಟ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರಿನ್ ನುಂಗಿಸಿದಾಗ ರಕ್ತ ಸೇರುವ ಪ್ರಮಾಣ 20 ಪಟ್ಟು ಹೆಚ್ಚಿದ್ದನ್ನು ಕಂಡರು. ಈ ಮಾತನ್ನು ಎಲ್ಲರೂ ಉತ್ಸಾಹದಿಂದ ಹೇಳುತ್ತಾರೆ. ಪೈಪರಿನ್ ಇಲ್ಲದಾಗ ರಕ್ತದಲ್ಲಿ ಕರ್ಕ್ಯುಮಿನ್ ಸಿಕ್ಕಿದ್ದು ತೀರ ಅತ್ಯಲ್ಪ ಎಂಬ ಅದೇ ಅಧ್ಯಯನದ ಇನ್ನೊಂದು ಮುಖವನ್ನು ಮಾತ್ರ ಬಿಡುತ್ತಾರೆ. ನುಂಗಿದರೇ ಇಷ್ಟು ಕಷ್ಟಪಡುವ ವಸ್ತು ಲೇಪವಾಗಿ ಹಚ್ಚಿದಾಗ ಚರ್ಮ ದಾಟಿ ಕೀಲಿನ ಪೊರೆಯನ್ನು ಬೇಕಾದಷ್ಟು ಪ್ರಮಾಣದಲ್ಲಿ ಮುಟ್ಟುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ಕಡಿಮೆಯಾಗಿದ್ದು ಸುಳ್ಳೇ?

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ. 'ಪ್ರಯೋಗ ಏನಾದರೂ ಹೇಳಲಿ, ಹಚ್ಚಿದವರಿಗೆ ಕಡಿಮೆಯಾಗಿದೆಯಲ್ಲ?' ಆಗಿರುತ್ತದೆ, ಅವರು ಸುಳ್ಳು ಹೇಳುತ್ತಿಲ್ಲ. ದೀರ್ಘಕಾಲದ ಕೀಲು, ಸ್ನಾಯು ನೋವಿಗೆ ಹಚ್ಚುವ ನೋವುನಿವಾರಕಗಳ ಬಗ್ಗೆ 2016ರ ಕಾಕ್ರೇನ್ ಸಮೀಕ್ಷೆ 10,000ಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿತು. 6ರಿಂದ 12 ವಾರ ಡೈಕ್ಲೋಫೆನಾಕ್ ಜೆಲ್ ಹಚ್ಚಿಕೊಂಡವರಲ್ಲಿ 10ಕ್ಕೆ ಸುಮಾರು 6 ಮಂದಿಗೆ ನೋವು ಬಹಳಷ್ಟು ಇಳಿದಿತ್ತು. ಔಷಧವೇ ಇಲ್ಲದ ಬರೀ ಜೆಲ್ ಹಚ್ಚಿಕೊಂಡವರಲ್ಲೂ 10ಕ್ಕೆ 5 ಮಂದಿಗೆ ಅಷ್ಟೇ ಇಳಿದಿತ್ತು! ಹಚ್ಚಿ ತಿಕ್ಕುವ ಕ್ರಿಯೆಯೇ ಒಂದು ಉಪಚಾರ ಎಂದಾಯಿತು. ಸ್ಪರ್ಶದ ಸುದ್ದಿ ಹೊತ್ತ ನರಗಳು ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಬಾಗಿಲು ಹಾಕುತ್ತವೆ ಎಂದು ಮೆಲ್ಝಾಕ್ ಮತ್ತು ವಾಲ್ 1965ರಲ್ಲೇ ವಿವರಿಸಿದ್ದರು. ಬೆಚ್ಚನೆಯ ಎಣ್ಣೆ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಮಗಳೋ ಸೊಸೆಯೋ ಕಾಲ ಬಳಿ ಕುಳಿತು ಅರ್ಧ ತಾಸು ಎಣ್ಣೆ ತಿಕ್ಕಿದಾಗ ಸಿಗುವ ಸಮಾಧಾನಕ್ಕೂ ಬೆಲೆಯಿದೆ. ಇದರ ಮೇಲೆ, ರುಮಟಾಯ್ಡ್ ರೋಗ ಒಂದೇ ಸಮ ಇರುವುದಿಲ್ಲ. ಕೆಲವು ವಾರ ಕೆರಳಿ, ಕೆಲವು ವಾರ ತಾನಾಗಿ ತಣಿಯುತ್ತದೆ. ನಾವು ಎಣ್ಣೆ ಹಚ್ಚಲು ಶುರುಮಾಡುವುದು ನೋವು ತುದಿ ಮುಟ್ಟಿದಾಗ, ಆಮೇಲೆ ಅದು ಇಳಿಯಲೇಬೇಕು. ಇಳಿದ ಕೀರ್ತಿ ಎಣ್ಣೆಗೆ ಸಲ್ಲುತ್ತದೆ, ಪೊರೆಯ ಕೆಲಸ ಒಳಗೆ ಸದ್ದಿಲ್ಲದೆ ಸಾಗುತ್ತದೆ.

ಎಣ್ಣೆಯ ಮಿತಿ ಇರುವುದು ಇಲ್ಲೇ. ರುಮಟಾಯ್ಡ್ ಕಾಣಿಸಿಕೊಳ್ಳುವುದು ಬೆರಳಿನಲ್ಲಾದರೂ ಅದು ಇಡೀ ದೇಹದ ರೋಗ. ರಕ್ತಹೀನತೆ, ಸುಸ್ತು ತರುತ್ತದೆ, ಶ್ವಾಸಕೋಶವನ್ನು ತಟ್ಟುತ್ತದೆ, ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆ. ಒಂದು ಲೇಪ ಚರ್ಮ ದಾಟಿ ನೇರ ಕೀಲಿಗೇ ಇಳಿಯಿತೆಂದು ಇಟ್ಟುಕೊಂಡರೂ ರೋಗದ ಬೇರು ಅದಕ್ಕೆ ಸಿಗುವುದಿಲ್ಲ. ಮೂಳೆ ಕೊರೆತ ಬಹಳ ಮಂದಿಯಲ್ಲಿ ಮೊದಲ ಎರಡು ವರ್ಷಗಳಲ್ಲೇ ಶುರುವಾಗುತ್ತದೆ, ಒಮ್ಮೆ ವಾರೆಯಾದ ಬೆರಳು ಔಷಧದಿಂದ ನೆಟ್ಟಗಾಗುವುದಿಲ್ಲ. ಅದಕ್ಕೇ ಯುರೋಪಿನ ಕೀಲುರೋಗ ತಜ್ಞರ ಒಕ್ಕೂಟದ ಮಾರ್ಗಸೂಚಿ, ಕೀಲು ಊದಿದವರನ್ನು ಆರು ವಾರಗಳೊಳಗೆ ತಜ್ಞರು ನೋಡಬೇಕು, ರೋಗದ ಓಟವನ್ನೇ ತಡೆಯುವ ಔಷಧ ಮೂರು ತಿಂಗಳೊಳಗೆ ಆರಂಭವಾಗಬೇಕು ಎನ್ನುತ್ತದೆ. ಎಣ್ಣೆಗೆ ನಾವು ಕೊಡಬೇಕಾದ ಗಡುವೂ ಅದೇ ಆರು ವಾರ, ಅದಕ್ಕಿಂತ ಮೊದಲಾದರೆ ಇನ್ನೂ ಒಳ್ಳೆಯದು.

ಪರಂಪರೆ ಏನು ಹೇಳುತ್ತದೆ?

ಎರಡನೆಯ ಆಕ್ಷೇಪ ಪರಂಪರೆಯ ಹೆಸರಿನಲ್ಲಿ ಬರುತ್ತದೆ. 'ಶತಮಾನಗಳ ಅನುಭವ ಸುಳ್ಳಾದೀತೇ?' ಆ ಪರಂಪರೆಯನ್ನೇ ಕೇಳೋಣ. ಆಯುರ್ವೇದ ಎಲ್ಲ ಕೀಲುನೋವನ್ನೂ ಒಂದೇ ಎಂದಿಲ್ಲ. ಸವೆತದ ನೋವು ಸಂಧಿಗತವಾತ, ಗೌಟ್‌ಗೆ ಹತ್ತಿರದ್ದು ವಾತರಕ್ತ, ಊತ, ಜ್ವರ, ಜಡತೆಯ ಜೊತೆ ಬರುವುದು ಆಮವಾತ. ಮಾಧವನಿದಾನವೆಂಬ ಆಯುರ್ವೇದ ಗ್ರಂಥ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಸಂಧಿಗತವಾತಕ್ಕೆ ಎಣ್ಣೆಯ ಅಭ್ಯಂಗ ಹೇಳುವ ಆಯುರ್ವೇದ, ಆಮವಾತ ಕೆರಳಿರುವ ಹಂತದಲ್ಲಿ ಎಣ್ಣೆ ತಿಕ್ಕುವುದನ್ನು ಬೇಡ ಎನ್ನುತ್ತದೆ. ಬದಲಿಗೆ ಉಸುಕು ಹುರಿದು ಬಟ್ಟೆಯಲ್ಲಿ ಕಟ್ಟಿ ಒಣ ಕಾವು ಕೊಡಲು ಹೇಳುತ್ತದೆ. ಊದಿ ಬಿಸಿಯಾದ ಗೆಣ್ಣಿಗೆ ಬಳ್ಳೊಳ್ಳಿ ಎಣ್ಣೆ ಹಾಕಿ ಗಸಗಸ ತಿಕ್ಕುವುದು ಪರಂಪರೆಯ ಪ್ರಕಾರವೂ ತಪ್ಪೇ. ಇನ್ನು ಆಯುರ್ವೇದಕ್ಕೆ ಸಾಕ್ಷ್ಯವೇ ಇಲ್ಲ ಎಂಬ ಮಾತನ್ನೂ ಒಪ್ಪಬೇಕಿಲ್ಲ. 2011ರಲ್ಲಿ ಪ್ರಕಟವಾದ, ಕೊಯಮತ್ತೂರಿನಲ್ಲಿ 43 ರುಮಟಾಯ್ಡ್ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಆಯುರ್ವೇದ ಔಷಧ, ರೋಗದ ಓಟ ತಡೆಯುವ ಮೆಥೊಟ್ರೆಕ್ಸೇಟ್, ಇವೆರಡರ ಜೋಡಿ, ಮೂರೂ ಹೆಚ್ಚುಕಡಿಮೆ ಒಂದೇ ಫಲ ತೋರಿದವು. ಪ್ರಯೋಗ ಸಣ್ಣದು; ಅಂತಿಮ ತೀರ್ಪು ಕೊಡಲು ಸಾಲದು. ಮುಖ್ಯ ಮಾತೆಂದರೆ ಅಲ್ಲಿದ್ದದ್ದು ನುರಿತ ವೈದ್ಯರು ಪ್ರತಿ ರೋಗಿಯನ್ನೂ ಪರೀಕ್ಷಿಸಿ ಕೊಟ್ಟ ಚಿಕಿತ್ಸೆ. ಮನೆಯಲ್ಲಿ ಕಾಯಿಸಿದ ಎಣ್ಣೆಗೆ ಆ ಫಲಿತಾಂಶವನ್ನು ಸಾಲ ಪಡೆಯಲಾಗದು.

ಮೂರನೆಯದು ಭಯ. 'ಇಂಗ್ಲಿಷ್ ಔಷಧಿ ಕಿಡ್ನಿ ಕೆಡಿಸುತ್ತದೆ.' ಈ ಭಯಕ್ಕೆ ಕಾರಣವಿದೆ. ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗುವ ನೋವಿನ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಮೇಲೆ ಹಚ್ಚುವ ಮದ್ದಿನಿಂದ ದಿನಕ್ಕೊಂದು ಗುಳಿಗೆ ತಪ್ಪಿದರೂ ಅದು ದೊಡ್ಡ ಲಾಭ. ಎಣ್ಣೆ, ಮುಲಾಮುಗಳ ನಿಜವಾದ ಜಾಗ ಇದೇ. ಆದರೆ ನೋವಿನ ಗುಳಿಗೆ ಬೇರೆ, ರೋಗ ತಡೆಯುವ ಔಷಧ ಬೇರೆ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ, ಅಗ್ಗದ, ದಶಕಗಳಿಂದ ಬಳಕೆಯಲ್ಲಿರುವ ಔಷಧ. ಯಕೃತ್ತು ಮತ್ತು ರಕ್ತಕಣಗಳ ಮೇಲೆ ಅದರ ಪರಿಣಾಮವನ್ನು ಆಗಾಗ ರಕ್ತಪರೀಕ್ಷೆಯಿಂದ ಗಮನಿಸುತ್ತಾರೆ, ಜೊತೆಗೆ ಫೋಲಿಕ್ ಆಮ್ಲ ಕೊಡುತ್ತಾರೆ. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ತೆಗೆದುಕೊಳ್ಳುವಂತಿಲ್ಲ. ಅಡ್ಡಪರಿಣಾಮದ ಲೆಕ್ಕ ಹಾಕುವಾಗ ಚಿಕಿತ್ಸೆಯಿಲ್ಲದ ರೋಗದ ಪರಿಣಾಮವನ್ನೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಡಬೇಕು. ಕಮರಿಪೇಟೆಯವರಿಗೆ ಪರೀಕ್ಷೆ ಮಾಡಿಸಿಕೊಳ್ಳಲು ದೂರ ಹೋಗಬೇಕಿಲ್ಲ. 1957ರಲ್ಲಿ ಆರಂಭವಾದ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಊರಲ್ಲೇ ವಿದ್ಯಾನಗರದಲ್ಲಿದೆ. ಇಎಸ್‌ಆರ್, ಸಿಆರ್‌ಪಿ, ರುಮಟಾಯ್ಡ್ ಫ್ಯಾಕ್ಟರ್, ಆಂಟಿ ಸಿಸಿಪಿ ಎಂಬ ರಕ್ತಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳಿ. ರುಮಟಾಯ್ಡ್ ಫ್ಯಾಕ್ಟರ್ ಇಲ್ಲ ಎಂದು ಬಂದರೂ ರೋಗವಿರಬಹುದು. ಒಂದು ಚೀಟಿ ನೋಡಿ ನಿರಾಳರಾಗಬಾರದು.

ಹಚ್ಚುವುದಾದರೆ ಹೀಗೆ

ಹಚ್ಚುವುದಕ್ಕೂ ಕ್ರಮವಿದೆ. ಹೊಸ ಎಣ್ಣೆಯನ್ನಾಗಲಿ ಮುಲಾಮನ್ನಾಗಲಿ ಮೊದಲು ಮೊಣಕೈ ಒಳಭಾಗದಲ್ಲಿ ಒಂದು ರೂಪಾಯಿ ಅಗಲ ಹಚ್ಚಿ ಎರಡು ದಿನ ನೋಡಿ. ತುರಿಕೆ, ಗುಳ್ಳೆ ಎದ್ದರೆ ಬಿಟ್ಟುಬಿಡಿ. ಗಾಯ, ಬಿರುಕು, ಹುಣ್ಣಿರುವ ಚರ್ಮಕ್ಕೆ ಯಾವುದನ್ನೂ ಹಚ್ಚಬೇಡಿ. ಮೊಣಕಾಲಿಗೆ ಕ್ಯಾಪ್ಸೈಸಿನ್ ಮುಲಾಮು ಹಚ್ಚುವುದಾದರೆ ದಿನಕ್ಕೆ ಮೂರು ನಾಲ್ಕು ಬಾರಿಯಂತೆ ಕನಿಷ್ಠ ಎರಡು ವಾರ ಬಿಡದೆ ಹಚ್ಚಿ, ಒಂದೆರಡು ದಿನ ಹಚ್ಚಿ ಬಿಟ್ಟರೆ ಉರಿಯಷ್ಟೇ ಗಳಿಕೆ. ಹಚ್ಚುವ ಮುಂಚೆ, ಹಚ್ಚಿದ ಮೇಲೆ ಬಿಸಿನೀರ ಸ್ನಾನ, ಬಿಸಿ ಶಾಖ ಬೇಡ. ಉರಿ ತಡೆಯಲಾಗದಷ್ಟು ಏರುತ್ತದೆ. ಖಾರ ಬರೀ ನೀರಿಗೆ ಹೋಗುವುದಿಲ್ಲ. ಕೈಗೆ ಮೊದಲು ಅಡುಗೆ ಎಣ್ಣೆ ಸವರಿ, ಆಮೇಲೆ ಸಾಬೂನಿನಿಂದ ತೊಳೆಯಿರಿ. ಮನೆಯ ಮಸಾಲೆ ಎಣ್ಣೆಯಾದರೆ ಉಗುರುಬೆಚ್ಚಗಿರಲಿ, ಊದಿರದ ಜಾಗದಲ್ಲಿ ಹಗುರ ಕೈಯಿಂದ ಸವರಿ. ಕೀಲು ಕೆಂಪಗಾಗಿ ಬಿಸಿಯಿದ್ದರೆ ತಿಕ್ಕುವುದನ್ನು ನಿಲ್ಲಿಸಿ, ತಣ್ಣೀರ ಬಟ್ಟೆ ಇಟ್ಟು ನೋಡಿ. ಊತವಿಲ್ಲದ ಬೆಳಗಿನ ಬಿಗಿತಕ್ಕೆ ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಕೈಯಿಟ್ಟು ಬೆರಳು ಮಡಿಚಿ ಬಿಚ್ಚುವುದು ಬಹಳಷ್ಟು ಎಣ್ಣೆಗಳಿಗಿಂತ ಸುಲಭ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ. ಶಾಖದ ಬಿಸಿಯನ್ನು ಬೇರೆಯವರು ಮುಟ್ಟಿ ನೋಡಬೇಕು.

ಕೆಲವನ್ನು ಹಚ್ಚಲೇಬಾರದು. ಹಸಿ ಬಳ್ಳೊಳ್ಳಿ ಅರೆದು ಕಟ್ಟುವುದು, ಸಾಸಿವೆ ಅರೆದು ಪಟ್ಟಿ ಹಾಕುವುದು ಬೊಬ್ಬೆ ಎಬ್ಬಿಸುವಷ್ಟು ಸುಡಬಲ್ಲವು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜದ ಎಣ್ಣೆ ಇನ್ನೂ ಘೋರ. ಎಕ್ಕದ ಎಲೆ ಕಟ್ಟುವಾಗ ಅದರ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಅಂಗಡಿಯ ನೋವಿನೆಣ್ಣೆಗಳಲ್ಲಿರುವ ಮಿಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್ ಜಾತಿಯದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವವರು ಅದನ್ನು ಮೈತುಂಬ ಹಚ್ಚಿಕೊಂಡರೆ ರಕ್ತಸ್ರಾವದ ಅಪಾಯವಿದೆ. ಅದನ್ನೂ ಕರ್ಪೂರದ ಎಣ್ಣೆಯನ್ನೂ ಮಕ್ಕಳ ಕೈಗೆಟುಕದಂತೆ ಇಡಿ. ಮಗು ಕುಡಿದರೆ ಒಂದು ಚಮಚವೂ ಪ್ರಾಣಾಂತಿಕ. ಒಂದೇ ಕೀಲು ಏಕಾಏಕಿ ಊದಿ ಜ್ವರ ಬಂದರೆ ಅದು ಕೀವಾಗಿರಬಹುದು. ಎಣ್ಣೆ ಬಾಟಲಿ ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೋಗಿ. ಎಣ್ಣೆಯ ಜೊತೆ ಯಾರಾದರೂ ಹೆಸರಿಲ್ಲದ ಪುಡಿ, ಗುಳಿಗೆ ಕೊಟ್ಟು, ಎರಡೇ ದಿನದಲ್ಲಿ ನೋವು ಮಾಯವಾಗಿ, ಹಸಿವು ಹೆಚ್ಚಿ, ಮುಖ ದುಂಡಗಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಶಂಕೆ ಬಲವಾಗಿದೆ. ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಪೊಟ್ಟಣದ ಸಮೇತ ವೈದ್ಯರ ಬಳಿ ಹೋಗಿ. ಸಂಧಿವಾತವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. 'ಬೇರುಸಹಿತ ಗುಣ' ಎಂಬ ಭರವಸೆ ಕಂಡಲ್ಲಿ ಅನುಮಾನಪಡುವುದು ನಮ್ಮ ಹಕ್ಕು.

ನಮ್ಮ ಮನೆಗಳಲ್ಲಿ ಗ್ಯಾಸ್ ಸಿಲಿಂಡರ್ ಹಚ್ಚಿದ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುವ ರೂಢಿಯಿದೆ. ಕೀಲುಬ್ಯಾನಿಗೆ ಮೊದಲ ಸಲ ಎಣ್ಣೆ ಕಾಯಿಸಿದ ದಿನವನ್ನೂ ಅಲ್ಲೇ ಬರೆಯಿರಿ. ಬೆಳಗ್ಗೆ ಬೆರಳು ಸಡಿಲವಾಗಲು ಎಷ್ಟು ಹೊತ್ತು ಹಿಡಿಯಿತು, ಯಾವ ಗೆಣ್ಣು ಊದಿತ್ತು ಎಂಬುದನ್ನು ವಾರಕ್ಕೊಮ್ಮೆ ಅದರ ಪಕ್ಕ ಗುರುತು ಹಾಕಿ. ಆರನೆಯ ವಾರದ ಗೆರೆಯ ಹೊತ್ತಿಗೂ ಊತ ಉಳಿದಿದ್ದರೆ ಆ ಹಾಳೆ ಹರಿದುಕೊಂಡು ವೈದ್ಯರ ಬಳಿ ಹೋಗಿ. ಯಾವ ರಕ್ತಪರೀಕ್ಷೆಯೂ ಹೇಳದ ವಿವರ ಅದರಲ್ಲಿರುತ್ತದೆ. ಎಣ್ಣೆಯ ಬಾಟಲಿ ಒಲೆಯ ಪಕ್ಕದಲ್ಲೇ ಇರಲಿ. ಚಿಕಿತ್ಸೆ ಶುರುವಾದ ಮೇಲೂ ರಾತ್ರಿ ಮಲಗುವಾಗ ದಣಿದ ಮೊಣಕಾಲಿಗೆ ಅದು ಬೇಕಾಗುತ್ತದೆ.